ಅಳಿದು ಮರಳಿದ ಜಿಲ್ಲೆ

ಬೇಲೂರು, ಹಳೇಬೀಡುಗಳ ಶಿಲ್ಪವೈಭವವನ್ನು ನೋಡಲು ಹೊರಟವರು ಹಾಸನವನ್ನು ನೋಡುವುದು ಅಪರೂಪ. ರಾತ್ರಿ ತಂಗಲು ಒಂದು ಕೊಠಡಿ, ಬೆಳಗಿನ ಚಳಿಗೆ ಒಂದು ಲೋಟ ಬಿಸಿ ಕಾಫಿ, ಅನಂತರ ಮುಂದಿನ ಬಸ್ಸು. ಇಷ್ಟರಲ್ಲಿಯೇ ಪ್ರವಾಸಿಗನಿಗೂ ಈ ಊರಿಗೂ ಇರುವ ನಂಟು ಮುಗಿದುಹೋಗುತ್ತದೆ. ಆದರೆ ಹಾಸನಕ್ಕೂ ಅದರ ಸುತ್ತಣ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೂ ಸೇರಿದ ಒಂದು ಕಥೆಯುಂಟು. ಅದು ಯಾವ ಗುಡಿಯ ಭಿತ್ತಿಯ ಮೇಲೂ ಕೆತ್ತಿಲ್ಲ. ಒಂದು ಕಾಲದಲ್ಲಿ ಮೈಸೂರು ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ಆ ಸಾಲದ ಲೆಕ್ಕವನ್ನು ಸರಿದೂಗಿಸುವುದಕ್ಕಾಗಿ ಹಾಸನ ಜಿಲ್ಲೆಯನ್ನೇ ನಕ್ಷೆಯಿಂದ ತೆಗೆದುಹಾಕಲಾಗಿತ್ತು!

ರೈತನ ಸಾಲಮನ್ನಾ ಎಂಬ ಮಾತು ನಮ್ಮಲ್ಲಿ ಮನೆಮನೆಗೂ ಪರಿಚಿತ. ಸರ್ಕಾರಗಳೂ ಸಾಲ ಮಾಡುತ್ತವೆ, ತೀರಿಸಲಾರದೆ ತೊಳಲುತ್ತವೆ, ರಿಯಾಯಿತಿಗಾಗಿ ಸಾಲಿಗನ ಮುಂದೆ ನಿಲ್ಲುತ್ತವೆ ಎಂಬುದು ಅಷ್ಟು ಪರಿಚಿತವಲ್ಲ. ಇಂಥ ರಿಯಾಯಿತಿ ಮೂರು ಬಗೆಯಲ್ಲಿ ದೊರೆಯುತ್ತದೆ: ಅಸಲಿನಲ್ಲಿ ಒಂದು ಪಾಲನ್ನು ಬಿಡುವುದು, ಬಡ್ಡಿಯನ್ನು ಇಳಿಸುವುದು, ವಾಯಿದೆಯನ್ನು ಮುಂದೂಡುವುದು. ಆದರೆ ಬರಿಗೈಯಿಂದ ಅದು ದೊರೆಯುವುದಿಲ್ಲ. “ನಿಮ್ಮ ಖರ್ಚನ್ನು ಹೀಗೆ ಕಡಮೆ ಮಾಡಿ, ತೆರಿಗೆಯನ್ನು ಹೀಗೆ ಎತ್ತಿ, ಆಡಳಿತವನ್ನು ಹೀಗೆ ಸುಧಾರಿಸಿ” ಎಂಬ ಷರತ್ತು ಅದರ ಜೊತೆಗೇ ಬರುತ್ತದೆ. ಸಂಸಾರವಂದಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಯಜಮಾನನ ಸಾಲಕ್ಕೆ ವಾಯಿದೆ ಸಿಕ್ಕಿತೆಂದರೆ ಮನೆಯವರೆಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆ ವಾಯಿದೆಗಾಗಿ ಯಾವ ಮಗುವಿನ ಓದು ನಿಂತಿತು ಎಂಬುದು ಬೇರೆಯೇ ಪ್ರಶ್ನೆ. ಈ ನಾಲ್ಕು ಊರುಗಳ ದಾರಿಯಲ್ಲಿ ನಡೆದವನಿಗೆ ಮತ್ತೆ ಮತ್ತೆ ಎದುರಾಗುವುದು ಆ ಎರಡನೆಯ ಪ್ರಶ್ನೆಯೇ.

ಹಾಸನ ಎತ್ತರದ ಊರು. ಅತ್ತ ಮಲೆನಾಡೂ ಅಲ್ಲ, ಇತ್ತ ಪೂರ್ಣ ಬಯಲುಸೀಮೆಯೂ ಅಲ್ಲ. ಪಶ್ಚಿಮಕ್ಕೆ ನಡೆದರೆ ಸಕಲೇಶಪುರದ ಕಾಫಿ ತೋಟಗಳು, ಪೂರ್ವಕ್ಕೆ ನಡೆದರೆ ರಾಗಿ ಹೊಲಗಳೂ ತೆಂಗಿನ ತೋಪುಗಳೂ. ಆಲೂಗಡ್ಡೆಯ ವ್ಯಾಪಾರಕ್ಕೆ ಈ ಊರಿನ ಮಾರುಕಟ್ಟೆ ಹೆಸರಾದುದು. ಊರಿಗೆ ಹೆಸರನ್ನಿತ್ತ ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಕೆಲವು ದಿನ ಮಾತ್ರ ತೆರೆಯುತ್ತದೆ. ಆಗ ಊರಿಗೆ ಊರೇ ಸಾಲುಗಟ್ಟಿ ನಿಲ್ಲುತ್ತದೆ. ಉಳಿದ ದಿನಗಳಲ್ಲಿ ಊರಿನ ಜೀವಾಳವೆಲ್ಲ ಕಚೇರಿ, ನ್ಯಾಯಾಲಯ, ಶಾಲಾಕಾಲೇಜುಗಳ ಸುತ್ತ ಇರುತ್ತದೆ. ಕಕ್ಷಿಗಾರರು, ವಕೀಲರು, ಅರ್ಜಿ ಬರೆದುಕೊಡುವವರು, ಅವರಿಗೆಲ್ಲ ಊಟ ತಿಂಡಿ ಒದಗಿಸುವ ಹೋಟೆಲುಗಳು—ಜಿಲ್ಲೆಯ ಕೇಂದ್ರವೆಂಬ ಹಿರಿಮೆ ಇಂಥ ಊರಿಗೆ ಬರಿಯ ಅಲಂಕಾರವಲ್ಲ. ಅದು ಅನ್ನದ ದಾರಿ.

ಆ ದಾರಿ ಒಮ್ಮೆ ಮುಚ್ಚಿಹೋದದ್ದು ಹೇಗೆಂಬುದನ್ನು ತಿಳಿಯಬೇಕಾದರೆ ೧೭೯೯ಕ್ಕೆ ಹೋಗಬೇಕು. ಟಿಪ್ಪೂ ಸುಲ್ತಾನನ ಪತನಾನಂತರ ಮೈಸೂರಿನ ಅರಸರಿಗೆ ರಾಜ್ಯ ದೊರೆತಾಗ ಕಂಪನಿ ಸರ್ಕಾರಕ್ಕೆ ವರ್ಷವರ್ಷವೂ ಏಳು ಲಕ್ಷ ವರಹ, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಪೊಗದಿ ಸಲ್ಲಿಸಬೇಕೆಂದು ಕರಾರಾಯಿತು. ಈ ಹಣಕ್ಕೆ ಕುಂದು ಬರುವ ಭಯವಿದ್ದರೆ ಕಂಪನಿಯೇ ಆಡಳಿತವನ್ನು ಕೈಗೆ ತೆಗೆದುಕೊಳ್ಳಬಹುದೆಂಬ ಮಾತೂ ಆ ಕರಾರಿನಲ್ಲಿತ್ತು. ನಗರದ ದಂಗೆಯ ತರುವಾಯ, ೧೮೩೧ರಲ್ಲಿ, ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ ಅದನ್ನೇ ಆಧಾರವಾಗಿಟ್ಟುಕೊಂಡು ರಾಜ್ಯದ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡನು. ಮುಂದೆ ಐವತ್ತು ವರ್ಷ ಕಮೀಷನರುಗಳ ಆಳ್ವಿಕೆ. ಬೌರಿಂಗ್ ಸಾಹೇಬರ ಕಾಲದಲ್ಲಿ ಸಂಸ್ಥಾನ ಎಂಟು ಜಿಲ್ಲೆಗಳಾದಾಗ ಹಾಸನವೂ ಅವುಗಳಲ್ಲೊಂದಾಯಿತು.

ಅಷ್ಟರಲ್ಲಿ ಬಂದೆರಗಿತು ೧೮೭೬-೭೮ರ ಮಹಾಕ್ಷಾಮ. ಧಾತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಬಹುಕಾಲ ನೆನೆಯುತ್ತಿದ್ದುದು ಇದನ್ನೇ. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಬೊಕ್ಕಸದಲ್ಲಿ ಕೂಡಿಟ್ಟಿದ್ದ ಅರುವತ್ತು ಲಕ್ಷಕ್ಕೂ ಮೇಲ್ಪಟ್ಟ ಹಣ ಕರಗಿತು. ಅದು ಸಾಲದೆ ಭಾರತ ಸರ್ಕಾರದಿಂದ ಎಂಬತ್ತು ಲಕ್ಷ ರೂಪಾಯಿ ಸಾಲವೂ ಆಯಿತು. ಗಂಜಿ ಕೇಂದ್ರಗಳಿಗಾಗಿ, ಜನರ ಪ್ರಾಣ ಉಳಿಸುವುದಕ್ಕಾಗಿ ಮಾಡಿದ ಸಾಲವದು. ಸಾಲ ಮಾಡಿದಾಗ ಆಳುತ್ತಿದ್ದವರು ಬ್ರಿಟಿಷ್ ಅಧಿಕಾರಿಗಳು; ತೀರಿಸುವ ಹೊಣೆ ಬಂದುದು ಮುಂದೆ ಪಟ್ಟವೇರಲಿದ್ದ ಅರಸರಿಗೂ ಅವರ ಪ್ರಜೆಗಳಿಗೂ.

೧೮೮೧ರ ಮಾರ್ಚ್ ೨೫ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಹಿಂದಕ್ಕೆ ದೊರೆಯಿತು. ಅಂದಿನ ಹಸ್ತಾಂತರ ಪತ್ರವನ್ನು ಇಂದು ಓದಿದರೆ, ನಮ್ಮ ಕಾಲದ ಅಂತರರಾಷ್ಟ್ರೀಯ ಸಾಲಪತ್ರಗಳ ನೆನಪು ಬಾರದಿರದು. ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷದಿಂದ ಮೂವತ್ತೈದು ಲಕ್ಷಕ್ಕೆ ಏರಿತು. ಹಣಕಾಸಿನ ನಿರ್ವಹಣೆ, ಕಂದಾಯದ ನಿಗದಿ ಮತ್ತು ವಸೂಲಿ, ತೆರಿಗೆಗಳ ವಿಧಾನ, ನ್ಯಾಯಾಡಳಿತ, ವ್ಯಾಪಾರ, ಬೇಸಾಯ, ಕೈಗಾರಿಕೆ—ಈ ಎಲ್ಲ ವಿಷಯಗಳಲ್ಲಿಯೂ ಗವರ್ನರ್ ಜನರಲ್ ನೀಡುವ ಸಲಹೆಗೆ ಮಹಾರಾಜರು ಅನುಸಾರವಾಗಿ ನಡೆಯತಕ್ಕದ್ದೆಂದಾಯಿತು. ಆಡಳಿತದ ಪದ್ಧತಿಯಲ್ಲಿ ಮುಖ್ಯ ಬದಲಾವಣೆ ಮಾಡಬೇಕಾದರೆ ಅನುಮತಿ ಬೇಕಾಗಿತ್ತು. ಇದು ಷರತ್ತು. ಇನ್ನು ರಿಯಾಯಿತಿ ಯಾವುದೆಂದರೆ, ಕ್ಷಾಮದ ಸಾಲ ತಲೆಯ ಮೇಲಿರುವುದರಿಂದ ಪೊಗದಿಯ ಹೆಚ್ಚಳವನ್ನು ಮೊದಲು ಐದು ವರ್ಷ, ಅನಂತರ ಮತ್ತೆ ಹತ್ತು ವರ್ಷ ಮುಂದೂಡಿದರು. ವರ್ಷಕ್ಕೆ ಹತ್ತೂವರೆ ಲಕ್ಷದಂತೆ ಹದಿನೈದು ವರ್ಷಕ್ಕೆ ಒಂದು ಕೋಟಿ ಐವತ್ತೇಳೂವರೆ ಲಕ್ಷ ರೂಪಾಯಿ ಸಂಸ್ಥಾನದಲ್ಲಿಯೇ ಉಳಿಯಿತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೆ ಹೊರೆಯನ್ನು ಹೆಚ್ಚಿಸಿದವರೂ ಅವರೇ, ಹೆಚ್ಚಿಸಿದ ಹೊರೆಯನ್ನು ಸ್ವಲ್ಪ ಕಾಲ ಕೆಳಗಿಳಿಸಿ ದಯೆ ತೋರಿದವರೂ ಅವರೇ ಎಂಬುದನ್ನು ಮರೆಯುವಂತಿಲ್ಲ.

ದಿವಾನರಾದ ಸಿ. ರಂಗಾಚಾರ್ಲು ಅವರ ಮುಂದೆ ಉಳಿದಿದ್ದ ದಾರಿ ಮಿತವ್ಯಯ. ಎಂಟು ಜಿಲ್ಲೆಗಳು ಆರಾದವು. ಹೋದ ಎರಡು ಜಿಲ್ಲೆಗಳೆಂದರೆ ಚಿತ್ರದುರ್ಗ ಮತ್ತು ಹಾಸನ. ಕೆಲವು ತಾಲ್ಲೂಕುಗಳ ದರ್ಜೆಯನ್ನೂ ಇಳಿಸಲಾಯಿತು. ಬೊಕ್ಕಸದ ಪುಸ್ತಕದಲ್ಲಿ ಇದು ಉಳಿತಾಯದ ಒಂದು ಸಾಲು. ಹಾಸನದ ಬೀದಿಯಲ್ಲಿ ಅದು ಏನಾಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಕಂದಾಯದ ಮೇಲ್ಮನವಿಗೆ ಬರುವ ರೈತ ಇನ್ನೂ ದೂರದ ಊರಿಗೆ ನಡೆಯಬೇಕು. ಕ್ಷಾಮದಲ್ಲಿ ಎತ್ತನ್ನು ಕಳೆದುಕೊಂಡವನಿಗೆ ಗಾಡಿಯಾದರೂ ಎಲ್ಲಿಂದ ಬರಬೇಕು? ಸಾಲ ಪಡೆದವನು ಅವನಲ್ಲ, ರಿಯಾಯಿತಿ ಕೇಳಿದವನೂ ಅವನಲ್ಲ. ಆದರೂ ಷರತ್ತಿನ ಕೊನೆಯ ತುದಿ ಅವನ ಮನೆಯ ಹೊಸ್ತಿಲನ್ನು ಮುಟ್ಟಿತ್ತು.

ಸಂತೋಷದ ಮಾತೆಂದರೆ, ೧೮೮೬ರಲ್ಲಿ ಹಾಸನ ಮತ್ತೆ ಜಿಲ್ಲೆಯಾಯಿತು. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಅದೇ ರಂಗಾಚಾರ್ಲು ಅವರು, ೧೮೮೧ರ ಅಕ್ಟೋಬರ್ ೭ರಂದು, ತಾಲ್ಲೂಕುಗಳಿಂದ ಬಂದ ೧೪೪ ಮಂದಿ ರೈತರನ್ನೂ ವರ್ತಕರನ್ನೂ ಮೈಸೂರಿನಲ್ಲಿ ಕೂಡಿಸಿ ಪ್ರಜಾಪ್ರತಿನಿಧಿ ಸಭೆಯನ್ನು ನಡೆಸಿದರು. ಸಭೆಗೆ ಅಧಿಕಾರ ಹೆಚ್ಚೇನೂ ಇರಲಿಲ್ಲ. ಆದರೆ ಸಂಸ್ಥಾನದ ಸ್ಥಿತಿಗತಿಗಳನ್ನು ಪ್ರಜೆಗಳ ಮುಂದೆ ಬಿಚ್ಚಿಡುವ ಪದ್ಧತಿ ಅಂದು ಮೊದಲಾಯಿತು. ಜಿಲ್ಲೆಯನ್ನು ತೆಗೆದುಹಾಕಿದ ಸುಧಾರಣೆ ಐದಾರು ವರ್ಷಗಳಲ್ಲಿ ಬಿದ್ದುಹೋಯಿತು. ಲೆಕ್ಕವನ್ನು ಜನರ ಮುಂದಿಟ್ಟ ಸುಧಾರಣೆ ಬೆಳೆಯುತ್ತ ನಿಂತಿತು.

ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಗೊರೂರು ಸಿಗುತ್ತದೆ. ರಾಮಸ್ವಾಮಿ ಅಯ್ಯಂಗಾರ್ಯರ ಬರಹಗಳಿಂದ ಕನ್ನಡಿಗರಿಗೆಲ್ಲ ತಮ್ಮೂರಿನಂತೆಯೇ ಆಗಿರುವ ಗ್ರಾಮವಿದು. ೧೯೭೯ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟು ಇಲ್ಲಿಯೇ ಇದೆ. ಅದರ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಗೆಗೆ ಮೇಲೇಳುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಬಂದವರು ಕಟ್ಟಡದ ಚೆಲುವಿಗೆ ಬೆರಗಾಗುತ್ತಾರೆ. ಆ ನೀರಿನ ಕೆಳಗೆ ಹೊಲಮನೆಗಳಿದ್ದವೆಂಬುದು ತಡವಾಗಿ ಹೊಳೆಯುತ್ತದೆ. ನಾಡಿನ ದೊಡ್ಡ ಲೆಕ್ಕದಲ್ಲಿ ಲಾಭ ಬರೆಯುವಾಗ ಒಂದೆಡೆ ಯಾರದೋ ನಷ್ಟವೂ ಬರೆಯಲ್ಪಡುತ್ತದೆ.

ಅರಕಲಗೂಡು ಅರ್ಕೇಶ್ವರನ ಊರು. ಹದಿನಾರನೆಯ ಶತಮಾನದಲ್ಲಿ ಕೃಷ್ಣಪ್ಪ ನಾಯಕನೆಂಬ ಪಾಳೆಯಗಾರ ಕೋಟೆ ಕಟ್ಟಿ ಆಳಿದ. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅದು ಮೈಸೂರಿಗೆ ಸೇರಿತು. ಈ ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದಂಡೆಯ ಮೇಲೆ ರಾಮೇಶ್ವರನ ಗುಡಿಯುಂಟು. ಅದೇ ಊರಿನಲ್ಲಿ ಹೊಗೆಸೊಪ್ಪಿನ ಹರಾಜು ಕಟ್ಟೆಯೂ ಉಂಟು. ಬ್ಯಾರನ್ನುಗಳಲ್ಲಿ ಹದ ಮಾಡಿದ ಎಲೆಯ ಬೇಲುಗಳನ್ನು ಸಾಲಾಗಿ ಇಟ್ಟು, ಕೊಳ್ಳುವವರು ಬೆಲೆ ಕೂಗುವುದನ್ನು ರೈತ ಕಾಯುತ್ತ ನಿಂತಿರುತ್ತಾನೆ. ಆ ಬೆಲೆ ನಿಶ್ಚಯವಾಗುವುದು ಅವನ ಹೊಲದಲ್ಲಲ್ಲ, ಸಮುದ್ರದಾಚೆಯ ಪೇಟೆಗಳಲ್ಲಿ.

ಇದೇ ಬೆಳೆಯನ್ನೇ ನಂಬಿಕೊಂಡ ಒಂದು ದೇಶ ಆಫ್ರಿಕದಲ್ಲಿದೆ, ಮಲಾವಿ. ಹೊಗೆಸೊಪ್ಪು ಅದರ ಮುಖ್ಯ ರಫ್ತು. ಎಲೆಯ ಬೆಲೆ ಇಳಿದರೆ ಅಲ್ಲಿ ರೈತನೊಬ್ಬನೇ ಅಲ್ಲ, ಸರ್ಕಾರವೇ ಸಾಲಗಾರನಾಗುತ್ತದೆ. ಧಾನ್ಯದ ದಾಸ್ತಾನನ್ನು ತಗ್ಗಿಸಬೇಕೆಂದು ಹೊರಗಿನ ಸಲಹೆ ಬಂದಿತ್ತು, ದಾಸ್ತಾನು ಮಾರಾಟವಾಯಿತು, ೨೦೦೨ರಲ್ಲಿ ಹಸಿವು ಬಂದಾಗ ಕಣಜ ಬರಿದಾಗಿತ್ತು. ತಪ್ಪು ಸಲಹೆ ಕೊಟ್ಟವರದೋ, ಇದ್ದುದನ್ನೆಲ್ಲ ಮಾರಿದವರದೋ ಎಂಬ ವಾದ ಬಹಳ ನಡೆದಿದೆ. ೨೦೦೬ರಲ್ಲಿ ಆ ದೇಶದ ಸಾಲದ ದೊಡ್ಡ ಪಾಲು ಮನ್ನಾ ಆಯಿತು. ಧಾತು ಈಶ್ವರದ ಬರವನ್ನು ಕಂಡ ನಾಡಿನವರಿಗೆ ಈ ಕಥೆ ಪರದೇಶದ್ದೆಂದು ಅನ್ನಿಸದು.

ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಬಂದರೆ ಮತ್ತೆ ಹೇಮಾವತಿಯ ದಂಡೆ. ಲಕ್ಷ್ಮೀನರಸಿಂಹನ ಗುಡಿ, ಹಳೆಯ ಕೋಟೆಯ ನೆನಪು, ಮೈಸೂರಿನಿಂದ ಅರಸೀಕೆರೆಗೆ ಹೋಗುವ ರೈಲುಹಾದಿ. ಈ ತಾಲ್ಲೂಕಿನ ಹರದನಹಳ್ಳಿಯಲ್ಲಿ ೧೯೩೩ರಲ್ಲಿ ಹುಟ್ಟಿದ ಶ್ರೀ ಎಚ್. ಡಿ. ದೇವೇಗೌಡರು ೧೯೯೬ರ ಜೂನ್ ತಿಂಗಳಲ್ಲಿ ದೇಶದ ಪ್ರಧಾನಮಂತ್ರಿಗಳಾದರು. ಅವರು ಅಧಿಕಾರಕ್ಕೆ ಬರುವ ಐದು ವರ್ಷ ಮುಂಚೆ, ೧೯೯೧ರಲ್ಲಿ, ಭಾರತವೇ ಸಾಲದ ಅಂಚಿಗೆ ಬಂದು ನಿಂತಿತ್ತು. ಕೆಲವು ವಾರಗಳ ಆಮದಿಗೆ ಮಾತ್ರ ಸಾಲುವಷ್ಟು ವಿದೇಶೀ ಹಣ ಕೈಯಲ್ಲಿತ್ತು. ಆಗ ಸುಮಾರು ೪೭ ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಅಡವಿಟ್ಟು ದೇಶ ಮಾನ ಉಳಿಸಿಕೊಂಡಿತು. ಮಗಳ ಮದುವೆಗೋ ಮಗನ ಓದಿಗೋ ಬಳೆ ಸರಗಳನ್ನು ಅಡವಿಟ್ಟು ಬಲ್ಲ ಮನೆಗಳಿಗೆ ಆ ಸುದ್ದಿಯ ಅರ್ಥ ತಟ್ಟನೆ ಆಗಿದ್ದಿರಬೇಕು. ಅದರ ಬೆನ್ನಿಗೇ ರೂಪಾಯಿಯ ಬೆಲೆ ಇಳಿಯಿತು, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲ ಬಂದಿತು, ಸುಧಾರಣೆಗಳೂ ಬಂದವು. ಭಾರತ ಮನ್ನಾ ಕೇಳಲಿಲ್ಲ, ಪಡೆದುದನ್ನು ತೀರಿಸಿತು.

ಹರದನಹಳ್ಳಿಯವರು ಪ್ರಧಾನಿಗಳಾದ ೧೯೯೬ರಲ್ಲಿಯೇ ಹಣಕಾಸು ನಿಧಿಯೂ ವಿಶ್ವ ಬ್ಯಾಂಕೂ ಸೇರಿ, ಅತಿಯಾಗಿ ಸಾಲಗೊಂಡ ಬಡ ದೇಶಗಳಿಗೆ ಸಾಲ ಇಳಿಸುವ ಯೋಜನೆಯೊಂದನ್ನು ಆರಂಭಿಸಿದವು. ಮೊದಲು ದೇಶ ಸುಧಾರಣೆಗಳನ್ನು ಕೈಗೊಳ್ಳಬೇಕು. ಬಡತನವನ್ನು ತಗ್ಗಿಸಲು ಏನು ಮಾಡುತ್ತೇವೆಂದು ಬರೆದುಕೊಡಬೇಕು. ಅದರಂತೆ ನಡೆದು ತೋರಿಸಿದ ಮೇಲೆ ಸಾಲ ಇಳಿಯುತ್ತದೆ. ಉಗಾಂಡ ಈ ದಾರಿಯನ್ನು ಮೊದಲು ಮುಗಿಸಿದ ದೇಶ. ೨೦೨೩ರ ಡಿಸೆಂಬರಿನಲ್ಲಿ ಮುಗಿಸಿದ ಸೊಮಾಲಿಯ ಮೂವತ್ತೇಳನೆಯದು. ೨೦೦೩ರಲ್ಲಿ ಭಾರತವೂ ಇಂಥ ಕೆಲವು ಬಡ ದೇಶಗಳಿಗೆ ಕೊಟ್ಟಿದ್ದ ಸಾಲವನ್ನು ಬಿಟ್ಟುಬಿಡುವುದಾಗಿ ಸಾರಿತು. ಹನ್ನೆರಡು ವರ್ಷಗಳ ಹಿಂದೆ ಚಿನ್ನ ಅಡವಿಟ್ಟಿದ್ದ ದೇಶ ಸಾಲ ಬಿಡುವ ದೇಶವೂ ಆಯಿತೆಂಬುದು ಅಭಿಮಾನದ ಸಂಗತಿ.

ನಮ್ಮ ರಾಜ್ಯಕ್ಕೂ ಒಮ್ಮೆ ಇಂಥ ರಿಯಾಯಿತಿ ಲಭಿಸಿತು. ಆಗಿನ ಸಾಲಿಗ ಹೊರದೇಶವಲ್ಲ, ಕೇಂದ್ರ ಸರ್ಕಾರವೇ. ಡಾ. ಸಿ. ರಂಗರಾಜನ್ ಅವರು ಅಧ್ಯಕ್ಷರಾಗಿದ್ದ ಹನ್ನೆರಡನೆಯ ಹಣಕಾಸು ಆಯೋಗ, ರಾಜ್ಯಗಳು ಕೇಂದ್ರಕ್ಕೆ ಕೊಡಬೇಕಾಗಿದ್ದ ಹಳೆಯ ಸಾಲಗಳನ್ನು ಒಂದುಗೂಡಿಸಿ, ಶೇಕಡಾ ಏಳೂವರೆ ಬಡ್ಡಿಗೆ ಇಳಿಸಿ, ಇಪ್ಪತ್ತು ವರ್ಷಗಳಲ್ಲಿ ತೀರಿಸುವಂತೆ ಮಾಡಬಹುದೆಂದಿತು. ೨೦೦೫ರಿಂದ ೨೦೧೦ರವರೆಗಿನ ಅವಧಿಗೆ ಈ ಏರ್ಪಾಡು. ಷರತ್ತು ಒಂದೇ: ಇಷ್ಟಕ್ಕಿಂತ ಹೆಚ್ಚು ಕೊರತೆ ಮಾಡಿಕೊಳ್ಳುವುದಿಲ್ಲವೆಂದು ರಾಜ್ಯವು ಕಾನೂನು ಮಾಡಬೇಕು. ಕರ್ನಾಟಕಕ್ಕೆ ಈ ಷರತ್ತು ಹೊಸದಾಗಿರಲಿಲ್ಲ. ಅಂಥ ವಿತ್ತೀಯ ಹೊಣೆಗಾರಿಕೆಯ ಕಾನೂನನ್ನು ೨೦೦೨ರಲ್ಲಿಯೇ, ಬೇರೆಲ್ಲ ರಾಜ್ಯಗಳಿಗಿಂತ ಮುಂಚೆ, ನಮ್ಮ ವಿಧಾನಮಂಡಲ ಮಾಡಿತ್ತು. ೨೦೦೪-೦೫ರ ಹೊತ್ತಿಗೆ ರಾಜಸ್ವ ಕೊರತೆ ಅಳಿದು ಉಳಿಕೆ ಕಂಡಿತ್ತು. ಮುಂದಿನ ಕೆಲವು ವರ್ಷಗಳ ಹಣಕಾಸಿನ ಯೋಜನೆಯನ್ನು ಪ್ರತಿವರ್ಷ ಸದನಗಳ ಮುಂದೆ ಇಡಬೇಕೆಂದೂ ಆ ಕಾನೂನಿನಲ್ಲಿದೆ. ರಂಗಾಚಾರ್ಲು ಅವರ ಸಭೆಯಲ್ಲಿ ಕಣ್ಣು ಬಿಟ್ಟ ಪದ್ಧತಿಯ ಮುಂದುವರಿಕೆಯೆಂದು ಇದನ್ನು ಕರೆದರೆ ತಪ್ಪಾಗಲಾರದು. ಕೊರತೆಯ ಮಿತಿಯನ್ನು ಕಾನೂನು ಹೇಳುತ್ತದೆ. ಆ ಮಿತಿಯೊಳಗೆ ಯಾವ ಶಾಲೆಗೆ ಮೇಷ್ಟರು ಬರಬೇಕು, ಯಾವ ರಸ್ತೆ ಕಾಯಬೇಕು ಎಂಬುದನ್ನು ಹೇಳುವುದಿಲ್ಲ. ಅದನ್ನು ಕೇಳಬೇಕಾದವರು ನಾವು.

ಕಡೆಯದಾಗಿ ಚನ್ನರಾಯಪಟ್ಟಣ. ತೆಂಗಿನ ತೋಟಗಳ ನಡುವೆ ಸಾಗುವ ಈ ಹಾದಿಯಲ್ಲಿ ಕೊಬ್ಬರಿಯ ಮಾತನ್ನಾಡದೆ ಯಾರೂ ಮುಂದೆ ಹೋಗಲಾರರು. ಹಾಸನದಿಂದ ಬೆಂಗಳೂರಿಗೆ ನೇರ ರೈಲುಮಾರ್ಗ ೨೦೧೭ರಲ್ಲಿ ಪೂರ್ತಿಯಾದಂದಿನಿಂದ ಪ್ರಯಾಣ ಸುಲಭವಾಗಿದೆ. ಹದಿನೇಳನೆಯ ಶತಮಾನದ ೩೦ರ ದಶಕದಲ್ಲಿ ಈ ಸೀಮೆ ಮೈಸೂರಿನ ಚಾಮರಾಜ ಒಡೆಯರ ವಶಕ್ಕೆ ಬಂದಿತು. ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಅವರ ಹೆಸರಿನ, ೧೬೩೪ನೆಯ ಇಸವಿಯ, ಒಂದು ಶಾಸನವುಂಟು. ಗೊಮ್ಮಟನನ್ನು ಕಾಣಲು ಮೆಟ್ಟಿಲೇರಿ ಹೋಗುವ ಸಾವಿರಾರು ಮಂದಿಯಲ್ಲಿ ಅದರ ಸುದ್ದಿ ಬಲ್ಲವರು ಬಹಳ ಕಡಮೆ.

ಅದರ ಸಾರಾಂಶವಿಷ್ಟು. ಬೆಳಗೊಳದ ದೇವಸ್ಥಾನದ ಸ್ಥಾನಿಕರು ಕಷ್ಟಕಾಲದಲ್ಲಿ ದೇವರ ಭೂಮಿಯನ್ನು ವರ್ತಕರಿಗೆ ಅಡವಿಟ್ಟಿದ್ದರು. ಬಹುಕಾಲ ಕಳೆದರೂ ಬಿಡಿಸಿಕೊಳ್ಳಲಾಗಲಿಲ್ಲ; ಪೂಜೆ ಪುರಸ್ಕಾರಗಳಿಗೆ ತೊಂದರೆಯಾಯಿತು. ಸುದ್ದಿ ತಿಳಿದ ಒಡೆಯರು ಸಾಲ ಕೊಟ್ಟವರನ್ನು ಕರೆಸಿ, ಆ ಹಣವನ್ನು ತಾವೇ ತೀರಿಸುವುದಾಗಿ ಹೇಳಿದರು. ಆಗ ವರ್ತಕರು, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಬಿಟ್ಟುಕೊಡುತ್ತೇವೆಂದು ದೇವರ ಮುಂದೆ, ಗುರುಗಳ ಮುಂದೆ ಧಾರೆಯೆರೆದರು. ಮನ್ನಾ ಆಯಿತು. ಅದರೊಡನೆ ಷರತ್ತೂ ಬಂದಿತು. ಇನ್ನು ಮುಂದೆ ದೇವರ ಭೂಮಿಯನ್ನು ಅಡವಿಡುವ ಸ್ಥಾನಿಕನೂ ದೋಷಿ; ಅದನ್ನು ಅಡವಾಗಿ ಹಿಡಿದು ಸಾಲ ಕೊಡುವವನೂ ದೋಷಿ.

ಇದು ರಾಜ್ಯದ ಸಾಲವಲ್ಲ, ಒಂದು ಧರ್ಮಸಂಸ್ಥೆಯ ಸಾಲ ಎಂಬುದು ನಿಜ. ಆದರೆ ೧೮೮೧ರ ಹಸ್ತಾಂತರ ಪತ್ರದಲ್ಲಿ ಕಟ್ಟುಪಾಡೆಲ್ಲ ಸಾಲಗಾರನಿಗೆ. ನಮ್ಮ ಕಾಲದ ಯೋಜನೆಗಳಲ್ಲಿಯೂ ಸುಧಾರಿಸಿಕೊಳ್ಳಬೇಕಾದವನು ಬಹುಮಟ್ಟಿಗೆ ಸಾಲಗಾರನೇ. ತೀರಿಸಲಾರನೆಂದು ತಿಳಿದೂ ಕೊಟ್ಟವನಿಗೆ ಶಿಕ್ಷೆಯಿಲ್ಲ. ಬೆಳಗೊಳದ ಶಾಸನ ಇಬ್ಬರ ಕೈಯನ್ನೂ ಕಟ್ಟಿತು. ಬಾಳಿ ಬದುಕಬೇಕಾದ ಪೂಜೆ ದಾನಗಳನ್ನು ಮಾತ್ರ ಮುಟ್ಟದೆ ಬಿಟ್ಟಿತು. ಮೈಸೂರಿನ ಮೇಲೆ ಏರಿಸಿದ ಹತ್ತೂವರೆ ಲಕ್ಷದ ಹೆಚ್ಚುವರಿ ಪೊಗದಿ ೧೮೯೬ರಿಂದ ಮೂವತ್ತು ವರ್ಷಕ್ಕೂ ಮಿಕ್ಕಿ ಸಂದಾಯವಾಗುತ್ತಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೨೭ರಲ್ಲಿ ವೈಸರಾಯ್ ಲಾರ್ಡ್ ಇರ್ವಿನ್ ಅದನ್ನು ಬಿಡುವುದಾಗಿ ಸಾರಿದ ಮೇಲೆಯೇ ನಿಂತಿತು. ಬೆಳಗೊಳದ ವರ್ತಕರಿಗೆ ಅಷ್ಟು ಕಾಲ ಹಿಡಿದಿರಲಿಲ್ಲ.

ಹಾಸನದ ಕಡೆ ಹೋಗುವ ವಾಚಕರು ಬೇಲೂರು ಹಳೇಬೀಡುಗಳಿಗೆಂದು ಇಟ್ಟುಕೊಂಡ ದಿನಗಳಿಗೆ ಇನ್ನೊಂದು ದಿನವನ್ನು ಸೇರಿಸಿಕೊಳ್ಳಲಿ. ಬೆಳಗ್ಗೆ ಹಾಸನದಿಂದ ಹೊರಟು ಗೊರೂರು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ದಾರಿಯಲ್ಲಿ ಸಂಜೆಯ ಹೊತ್ತಿಗೆ ಬೆಳಗೊಳವನ್ನು ಸೇರಬಹುದು. ಮಕ್ಕಳು ಜೊತೆಯಲ್ಲಿದ್ದರೆ ಗೊಮ್ಮಟನ ಎತ್ತರವನ್ನು ಹೇಳುವುದರ ಜೊತೆಗೆ, ದೇವರ ಹೊಲವನ್ನು ಸಾಲದಿಂದ ಬಿಡಿಸಿದ ಆ ಶಾಸನದ ಕಥೆಯನ್ನೂ ಹೇಳಬೇಕು.